ಸ್ವಂತ ದಿಮ್ಮಿ ಕೊಯ್ದು ಒಣಗಿಸುವುದು: ಗರಗಸಕ್ಕಿಂತ ಅಟ್ಟಿಯೇ ಮುಖ್ಯ

ಹಲಗೆ ಗರಗಸದ ಕೆಳಗೆ ಕೆಡುವುದು ಕಡಿಮೆ. ಕೊಯ್ದ ಮೇಲಿನ ಮೊದಲ ಎರಡು ಮೂರು ವಾರಗಳಲ್ಲಿ ಕೆಡುವುದೇ ಹೆಚ್ಚು. ಬಿರುಕು, ತಿರುಚು, ನೀಲಿ ಕಲೆ, ಕುಟ್ಟೆ ಹುಳು ಇವೆಲ್ಲ ಬಹುಪಾಲು ಆಗ ಶುರುವಾಗುವ ಕಾಟಗಳು. ಹಾಗಾಗಿ ಮಿಲ್ಲಿಗೆ ದುಡ್ಡು ಹಾಕುವ ಮೊದಲು ಅಟ್ಟಿ ಹಾಕಲು, ಅಂದರೆ ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಹಲಗೆ ಪೇರಿಸಲು, ಸಮತಟ್ಟಾದ ಜಾಗ, ಮೇಲೊಂದು ಮಾಡು, ಸಾಕಷ್ಟು ಒಣ ರೀಪು ಸಿದ್ಧವಿರಲಿ. ಇವು ಇಲ್ಲದಿದ್ದರೆ ಮರ ಇನ್ನೂ ಸ್ವಲ್ಪ ದಿನ ನಿಂತೇ ಇರಲಿ.

ದಿಮ್ಮಿ

ಮರ ಉರುಳಿದ ದಿನವೇ ದಿಮ್ಮಿಯ ಎರಡೂ ತುದಿಗೆ ಮೇಣದ ಎಮಲ್ಷನ್ ಬಳಿಯಿರಿ. ಅದು ಸಿಗದಿದ್ದರೆ ಹಳೆಯ ಪೇಂಟನ್ನು ದಪ್ಪಗೆ ಎರಡು ಕೋಟ್ ಹಚ್ಚಿ. ಮರದ ನೀರು ಬದಿಗಿಂತ ತುದಿಯಿಂದ ಹತ್ತು ಪಟ್ಟಿಗೂ ಹೆಚ್ಚು ಬೇಗ ಹೊರಬೀಳುತ್ತದೆ, ತುದಿ ಸೀಳುವುದು ಅದಕ್ಕೇ. ಸೀಳಿದ ಮೇಲೆ ಬಳಿದು ಫಲವಿಲ್ಲ. ಬಿರುಕು ಮುಗಿಯುವವರೆಗೆ ತುದಿಯನ್ನು ಕತ್ತರಿಸಿ, ಹೊಸ ಮುಖಕ್ಕೆ ಬಳಿಯಬೇಕು. ಇದಕ್ಕೆಂದೇ ಬೇಕಾದ ಉದ್ದಕ್ಕಿಂತ 6 ಇಂಚು ಹೆಚ್ಚಿಗೆ ಇಟ್ಟು ತುಂಡು ಮಾಡುವುದು ಒಳ್ಳೆಯದು.

ಕೊಂಬೆಗಳು ಮತ್ತು ವಾಲಿ ಬೆಳೆದ ಮರಗಳು ಹಲಗೆಗೆ ಆಗಿಬರುವುದಿಲ್ಲ. ಅವುಗಳ ನಾರಿನೊಳಗೆ ಬಿಗುವು ಇರುವುದರಿಂದ ಕೊಯ್ಯುತ್ತಿದ್ದಂತೆಯೇ ಬಿಲ್ಲಿನಂತೆ ಬಾಗುತ್ತವೆ. ತೊಗಟೆಯ ಗೆರೆ ಸುರುಳಿಯಾಗಿ ಏರಿದ್ದರೆ ಆ ಹಲಗೆ ಒಣಗುವಾಗ ತಿರುಚಿಕೊಳ್ಳುವುದು ಖಂಡಿತ. ಅಂಗಳದ, ಬೇಲಿಯ ಮರವಾದರೆ ಒಳಗೆ ಮೊಳೆ, ತಂತಿ ಇದ್ದೀತು. ಟ್ಯಾನಿನ್ (ಮರದೊಳಗಿನ ಒಗರು ಅಂಶ) ಹೆಚ್ಚಿರುವ ಮರದಲ್ಲಿ ಕಬ್ಬಿಣ ಇದ್ದ ಕಡೆ ತುದಿಯಲ್ಲಿ ನೀಲಿಗಪ್ಪು ಕಲೆ ಕಾಣುತ್ತದೆ. ಅಲ್ಲಿ ಮೆಟಲ್ ಡಿಟೆಕ್ಟರ್ ಆಡಿಸದೆ ಬ್ಲೇಡ್ ಹಾಕಬೇಡಿ. ಮಣ್ಣು ಮೆತ್ತಿದ ತೊಗಟೆಯನ್ನೂ ಮೊದಲೇ ಕೆತ್ತಿ ತೆಗೆಯಿರಿ, ಚೈನಿನ ಹಲ್ಲು ಮೊಂಡಾಗುವುದು ಮರದಿಂದಲ್ಲ, ಮರಳಿನಿಂದ.

ಕೊಯ್ಲು

ಅಪರೂಪಕ್ಕೆ ನಾಲ್ಕಾರು ದಿಮ್ಮಿ ಕೊಯ್ಯಲು ಚೈನ್‌ಸಾ ಮಿಲ್ (ಒಂದೇ ದಪ್ಪಕ್ಕೆ ಕೊಯ್ಯಲು ಚೌಕಟ್ಟು ಕೂರಿಸಿದ ಚೈನ್ ಗರಗಸ) ಸಾಕು. ಎಂಜಿನ್ 70 ಸಿಸಿಗಿಂತ ಕಡಿಮೆ ಬೇಡ. 20 ಇಂಚು ದಾಟಿದ ಗಟ್ಟಿ ದಿಮ್ಮಿಗೆ 90 ಸಿಸಿ ಬೇಕು. ಮಾಮೂಲಿ ಅಡ್ಡಗೊಯ್ಲಿನ ಚೈನಿನ ಹಲ್ಲು ಸುಮಾರು 30 ಡಿಗ್ರಿಗೆ ಮಸೆದಿರುತ್ತದೆ. ಉದ್ದಗೊಯ್ಲಿಗೆ 10 ಡಿಗ್ರಿಯ ರಿಪ್ಪಿಂಗ್ ಚೈನ್ ಹಾಕಿದರೆ ಮುಖ ನುಣುಪಾಗಿ ಬರುತ್ತದೆ. ಕೊಯ್ಲಿನಿಂದ ಬರುವುದು ಹೊಟ್ಟಿನ ಬದಲು ಹಿಟ್ಟಾಗಿದ್ದರೆ ಚೈನ್ ಮಸೆಯುವ ಹೊತ್ತಾಗಿದೆ ಎಂದರ್ಥ. ಕಿವಿಗೆ, ಕಣ್ಣಿಗೆ, ಮೂಗಿಗೆ, ಕಾಲಿಗೆ ರಕ್ಷಣೆ ಇರಲೇಬೇಕು, ಹೊಗೆ ನಿಮ್ಮ ಕಡೆಗೆ ಬೀಸದಂತೆ ಗಾಳಿಯ ದಿಕ್ಕು ನೋಡಿ ನಿಲ್ಲಿ.

ಚೈನಿನ ಲುಕ್ಸಾನು ಹೊಟ್ಟಿನಲ್ಲಿದೆ. ಅದರ ಒಂದು ಕೊಯ್ಲು ಸುಮಾರು 10 ಮಿಮೀ ಮರ ತಿನ್ನುತ್ತದೆ, ಬ್ಯಾಂಡ್‌ಸಾ (ತೆಳು ಪಟ್ಟಿಯ ಗರಗಸ) 2ರಿಂದ 3 ಮಿಮೀ ಮಾತ್ರ. 30 ಮಿಮೀ ಹಲಗೆ ತೆಗೆಯುವಾಗ ಚೈನ್‌ಸಾದಲ್ಲಿ ಕಾಲು ಭಾಗ ಮರ ನೆಲಕ್ಕೆ ಬೀಳುತ್ತದೆ. ಹಲಗೆಗಳೇ ಹೆಚ್ಚು ಬೇಕಿದ್ದರೆ ಬ್ಯಾಂಡ್‌ಸಾ ಇರುವವರನ್ನು ಬಾಡಿಗೆಗೆ ಕರೆಯುವುದು ಲೇಸು. ತೊಲೆ, ಕಂಬಗಳಿಗಾದರೆ ಚೈನ್‌ಸಾ ನಡೆದೀತು.

ಮೊದಲ ಕೊಯ್ಲು ನೇರವಿಲ್ಲದಿದ್ದರೆ ಮುಂದಿನದೆಲ್ಲ ಅದೇ ಡೊಂಕನ್ನು ಹೊತ್ತು ಬರುತ್ತದೆ. ದಿಮ್ಮಿಯ ಮೇಲೆ ನೇರವಾದ ಅಲ್ಯೂಮಿನಿಯಂ ಏಣಿಯನ್ನೋ ದಪ್ಪ ಹಲಗೆಯನ್ನೋ ಅಲುಗದಂತೆ ಕೂರಿಸಿ, ಮಿಲ್ಲನ್ನು ಅದರ ಮೇಲೆ ಓಡಿಸಿ. ಅದನ್ನು ಹಿಡಿದ ಸ್ಕ್ರೂ ಗರಗಸದ ದಾರಿಗೆ ಇಳಿಯದಷ್ಟು ಗಿಡ್ಡವಿರಲಿ. ಕೊಯ್ಲು ಎರಡು ಅಡಿ ಸಾಗಿದ ಮೇಲೆ ಹಿಂದಿನಿಂದ ಸಂದಿಗೆ ಮರದ ಇಲ್ಲವೇ ಪ್ಲಾಸ್ಟಿಕ್ ಬೆಣೆ ಹೊಡೆಯುತ್ತ ಹೋಗಿ, ಚೈನ್ ಓಡುವ ಬಾರ್ ಸಿಕ್ಕಿಬೀಳುವುದಿಲ್ಲ.

ಒಂದೇ ಕಡೆಯಿಂದ ಕೊಯ್ಯುತ್ತ ಹೋದರೆ ಉಳಿದ ದಿಮ್ಮಿ ಬಾಗುತ್ತದೆ, ಹಲಗೆಯ ದಪ್ಪ ಉದ್ದಕ್ಕೂ ಒಂದೇ ಸಮ ಬರುವುದಿಲ್ಲ. ಎರಡು ಹಲಗೆ ತೆಗೆದ ಮೇಲೆ ದಿಮ್ಮಿ ಮಗುಚಿ ಎದುರು ಬದಿಯಿಂದ ಎರಡು ತೆಗೆಯಿರಿ. ನಡುವಿನ ತಿರುಳನ್ನು ಯಾವ ಹಲಗೆಯಲ್ಲೂ ಬಿಡಬೇಡಿ, ಅದು ಇದ್ದಲ್ಲಿ ಸೀಳು ಬಿದ್ದೇ ಬೀಳುತ್ತದೆ. ದೊಡ್ಡ ತೊಲೆಯಾದರೆ ತಿರುಳು ಸರಿಯಾಗಿ ನಡುವೆ ಬರುವಂತೆ ನೋಡಿಕೊಳ್ಳಿ. ಬಿರುಕು ಆಗಲೂ ಬರುತ್ತದೆ, ಆದರೆ ತೊಲೆ ಸೊಟ್ಟಗಾಗುವುದು ಕಡಿಮೆ.

ದಪ್ಪಕ್ಕೆ ಎಷ್ಟು ಹೆಚ್ಚಿಗೆ ಬಿಡಬೇಕು? ಕುಗ್ಗುವುದಕ್ಕೂ ಕೀಸುವುದಕ್ಕೂ ಸೇರಿ, ಕೊನೆಗೆ 25 ಮಿಮೀ ಬೇಕಿದ್ದರೆ 30ಕ್ಕೆ ಕೊಯ್ಯಿರಿ. ಅಗಲದ ಲೆಕ್ಕ ಬೇರೆ. ತೇವಾಂಶ ಸುಮಾರು 30 ಶೇಕಡಕ್ಕೆ ಇಳಿಯುವ ತನಕ ಮರ ಕುಗ್ಗುವುದೇ ಇಲ್ಲ, ಕುಗ್ಗುವುದೆಲ್ಲ ಅಲ್ಲಿಂದ ಕೆಳಗೆ. ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದರ ಹೆಚ್ಚುಕಡಿಮೆ ಎರಡು ಪಟ್ಟು, ಉದ್ದಕ್ಕಂತೂ ಕುಗ್ಗು ಇಲ್ಲವೆನ್ನುವಷ್ಟು. ಉಂಗುರದ ಗುಂಟ ಒಟ್ಟು 8 ಶೇಕಡ ಕುಗ್ಗುವ ಜಾತಿಯ ಮರವೊಂದನ್ನು ತೆಗೆದುಕೊಳ್ಳಿ. ಉಂಗುರಗಳು ಮುಖಕ್ಕೆ ಸಮಾಂತರವಾಗಿರುವ 200 ಮಿಮೀ ಹಲಗೆ 30ರಿಂದ 12 ಶೇಕಡಕ್ಕೆ ಒಣಗುವಾಗ 200 × 0.08 × 18/30, ಅಂದರೆ 9.6 ಮಿಮೀ ಅಗಲ ಕಳೆದುಕೊಳ್ಳುತ್ತದೆ. ಉಂಗುರಗಳು ಮುಖಕ್ಕೆ ಲಂಬವಾಗಿ ಬರುವಂತೆ ಕೊಯ್ದರೆ ಅದರ ಅರ್ಧ. ನೆಲಹಾಸಿಗೆ, ಬಾಗಿಲಿಗೆ ಹೀಗೆ ಕೊಯ್ಯಲು ಪಡುವ ಶ್ರಮ ದಂಡವಲ್ಲ. ಮಾಡಿನ ರೀಪಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ.

ಅಟ್ಟಿ

ಕೊಯ್ದ ದಿನವೇ ಅಟ್ಟಿ ಹಾಕಿ. ಹಲಗೆಗೆ ಹಲಗೆ ತಾಗಿಸಿ ಒಂದು ರಾತ್ರಿ ಬಿಟ್ಟರೂ ಬೆಚ್ಚನೆಯ ಹವೆಯಲ್ಲಿ ಬೂಸ್ಟು ಹತ್ತಲು ಶುರು.

ಕೆಳಗಿನ ಹಲಗೆ ನೆಲದಿಂದ ಒಂದೂವರೆ ಅಡಿ ಮೇಲಿರಲಿ. ಕಾಂಕ್ರೀಟ್ ಬ್ಲಾಕಿನ ಮೇಲೆ ದಪ್ಪ ತೊಲೆಗಳನ್ನು ಅಡ್ಡಡ್ಡ ಇಟ್ಟು, ದಾರ ಎಳೆದು ಮಟ್ಟ ನೋಡಿ. ಅಡಿಪಾಯದ ಸೊಟ್ಟ ಹಾಗೆಯೇ ಹಲಗೆಗೆ ಇಳಿಯುತ್ತದೆ, ಆಮೇಲೆ ಎಷ್ಟು ಭಾರ ಹೇರಿದರೂ ಹೋಗುವುದಿಲ್ಲ. ಪ್ರತಿ ವರಸೆಯ ನಡುವೆ ಮುಕ್ಕಾಲರಿಂದ ಒಂದು ಇಂಚಿನ ರೀಪು ಇಡಿ, ಎಲ್ಲವೂ ಒಂದೇ ದಪ್ಪದವು. ಇಂಚು ದಪ್ಪದ ಹಲಗೆಗೆ 16 ಇಂಚಿಗೊಂದು, ಎರಡು ಇಂಚಿನದಕ್ಕೆ 24 ಇಂಚಿಗೊಂದು, ಎರಡೂ ತುದಿಗೆ ತಪ್ಪದೆ ಒಂದೊಂದು. ಒಂದರ ಮೇಲೊಂದು ನೇರ ಕಂಬದಂತೆ ನಿಲ್ಲಬೇಕು, ಆ ಕಂಬ ಕೆಳಗಿನ ತೊಲೆಯ ಮೇಲೆಯೇ ಬರಬೇಕು. ಎರಡು ಇಂಚು ಆಚೀಚೆ ಆದರೂ ಮೇಲಿನ ಭಾರ ಕೆಳಗಿನ ಹಲಗೆಯನ್ನು ಅಲ್ಲೇ ಬಗ್ಗಿಸುತ್ತದೆ. ಹಸಿ ಮರದಿಂದಲೇ ರೀಪು ಸೀಳಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದರೆ ಪ್ರತಿ ರೀಪಿನ ಕೆಳಗೂ ಒಂದು ಕಪ್ಪು ಪಟ್ಟೆ ಉಳಿಯುತ್ತದೆ, ಅದು ಕೀಸಿದರೂ ಹೋಗದಷ್ಟು ಆಳಕ್ಕೆ ಇಳಿಯುವುದುಂಟು.

ಒಂದೇ ಸಾಲಿನ ಹಲಗೆಗಳ ನಡುವೆ ಒಂದು ಇಂಚು ಸಂದಿ ಬಿಡಿ. ಮೇಲೆ ತಗಡು ಹೊದಿಸಿ, ಸುತ್ತ ಒಂದು ಅಡಿ ಚಾಚಿರಲಿ, ತಗಡಿನ ಕೆಳಗೆ, ಅಟ್ಟಿಯ ಮೇಲೆ ಕಾಂಕ್ರೀಟ್ ಬ್ಲಾಕುಗಳ ಭಾರ. ಟಾರ್ಪಾಲಿನಿಂದ ಸುತ್ತಲೂ ಮುಚ್ಚಬೇಡಿ, ಒಳಗೆ ಹಬೆ ಕಟ್ಟಿ ಮರ ಕೊಳೆಯುತ್ತದೆ. ಆದರೆ ಗಟ್ಟಿಮರಕ್ಕೆ ಮೊದಲ ವಾರಗಳಲ್ಲಿ ಬಿಸಿ ಒಣಗಾಳಿಯೂ ವೈರಿಯೇ. ಮೇಲ್ಪದರ ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಹಸಿ ಬಿಡುವುದಿಲ್ಲ, ಆಗ ಮುಖದ ತುಂಬ ಸಣ್ಣ ಬಿರುಕು. ಗಾಳಿ ಬರುವ ಬದಿಗೆ ನೆರಳಿನ ಬಲೆ ಕಟ್ಟಿದರೆ ವೇಗ ತಗ್ಗುತ್ತದೆ. ಪೈನಿನಂಥ ಮೆದುಮರಕ್ಕೆ ತೊಂದರೆ ತಿರುವುಮುರುವು. ಅದು ನಿಧಾನವಾದರೆ ನೀಲಿ ಕಲೆ ಬೀಳುತ್ತದೆ, ಗಾಳಿ ಚೆನ್ನಾಗಿ ಆಡಬೇಕು.

ಹುಳು ಹತ್ತುವುದು ಮುಖ್ಯವಾಗಿ ಚೇಗಿನ (ಒಳಗಿನ ಗಟ್ಟಿ ಭಾಗದ) ಹೊರಗಿನ ಬಿಳಿಭಾಗಕ್ಕೆ, ಅಲ್ಲಿ ಪಿಷ್ಟ ಇರುವುದರಿಂದ. ರಬ್ಬರ್ ಮರದಂಥದ್ದನ್ನು ಕೊಯ್ದ ಕೂಡಲೇ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಬೆರೆಸಿದ ನೀರಿನಲ್ಲಿ ಮುಳುಗಿಸಿ ತೆಗೆಯಬೇಕು. ಹಸಿ ಮರ ಅದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದು ಮಳೆಗೆ ತೊಳೆದುಹೋಗುವ ಔಷಧ, ಹೊರಾಂಗಣದ ಕೆಲಸಕ್ಕೆ ನೆಚ್ಚಬೇಡಿ.

ಒಣಗಿತೇ?

'ಇಂಚಿಗೊಂದು ವರ್ಷ' ಎಂಬ ಲೆಕ್ಕ ಬರೀ ಅಂದಾಜು. ಮೆದುಮರದ ಇಂಚು ಹಲಗೆ ಒಳ್ಳೆಯ ಹವೆಯಲ್ಲಿ ಎರಡು ಮೂರು ತಿಂಗಳಲ್ಲೇ ಆದೀತು, ಗಟ್ಟಿಮರದ ಎರಡು ಇಂಚು ಎರಡು ವರ್ಷ ಕೇಳೀತು. ದಿನ ಎಣಿಸುವ ಬದಲು ಅಳೆಯಿರಿ. ತೇವಾಂಶ ಮೀಟರಿನ ಮೊಳೆಗಳನ್ನು ಹಲಗೆಯ ತುದಿಗೆ ಚುಚ್ಚಬೇಡಿ, ಒಂದೆರಡು ಅಡಿ ಒಳಗೆ, ಹೊಸದಾಗಿ ಕತ್ತರಿಸಿದ ಮುಖದಲ್ಲಿ ನೋಡಿ. 30 ಶೇಕಡಕ್ಕಿಂತ ಮೇಲೆ ಮೀಟರಿನ ಮಾತು ನಂಬುವಂಥದ್ದಲ್ಲ. ಅನುಮಾನವಿದ್ದರೆ ಅಲ್ಲಿಂದಲೇ ಒಂದು ಇಂಚಿನ ತುಂಡು ತೆಗೆದು ತೂಗಿ, 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಹಸಿ ತೂಕ 138 ಗ್ರಾಂ, ಒಣ ತೂಕ 115 ಗ್ರಾಂ ಆದರೆ ವ್ಯತ್ಯಾಸ 23, ಅದನ್ನು 115ರಿಂದ ಭಾಗಿಸಿದರೆ ತೇವಾಂಶ 20 ಶೇಕಡ.

ಗೋಡೆಯ ಚೌಕಟ್ಟು, ಮಾಡಿನ ಕೆಲಸಕ್ಕೆ 19 ಶೇಕಡ ಅಥವಾ ಕಡಿಮೆ ಇರಲಿ. ಭಾರ ಹೊರುವ ತೊಲೆಯಲ್ಲಿ ಕೆಳಅಂಚಿನ ದೊಡ್ಡ ಗಂಟು, ಹತ್ತು ಇಂಚು ಉದ್ದಕ್ಕೆ ಒಂದು ಇಂಚಿಗಿಂತ ಹೆಚ್ಚು ಓರೆಯಾಗಿ ಸಾಗುವ ನಾರು ಕಂಡರೆ ಪಕ್ಕಕ್ಕಿಡಿ. ಮನೆಯಲ್ಲೇ ಕೊಯ್ದ ಮರಕ್ಕೆ ದರ್ಜೆಯ ಮುದ್ರೆ ಇರುವುದಿಲ್ಲ, ಆದ್ದರಿಂದ ರಚನೆಗೆ ಬಳಸುವ ಮೊದಲು ಎಂಜಿನಿಯರ್ ನೋಡಿ ಒಪ್ಪಲಿ. ಆರು ಇಂಚು ಅಗಲ, ಆರು ಇಂಚು ದಪ್ಪ ದಾಟಿದ ಕಂಬ, ತೊಲೆಗಳು ಒಣಗಲು ಹಲವು ವರ್ಷ ಹಿಡಿಯುತ್ತವೆ. ಅವನ್ನು ಹಸಿಯಾಗಿಯೇ ಜೋಡಿಸಿ, ಕುಗ್ಗಲು ಜಾಗ ಬಿಡುವುದು ಹಳೆಯ ಪದ್ಧತಿ.

ಬಾಗಿಲು, ನೆಲಹಾಸು, ಪೀಠೋಪಕರಣಕ್ಕೆ ಹೊರಗಿನ ಅಟ್ಟಿ ಸಾಲದು. ಮರ ಸುತ್ತಲಿನ ಗಾಳಿಯ ಜತೆ ಸಮ ಆಗುವವರೆಗೆ ಮಾತ್ರ ಒಣಗುತ್ತದೆ. ಗಾಳಿಯ ಆರ್ದ್ರತೆ 80 ಶೇಕಡ ಇದ್ದರೆ ಮರ 16ರ ಹತ್ತಿರ ನಿಲ್ಲುತ್ತದೆ, 65 ಇದ್ದರೆ 12, 50 ಇದ್ದರೆ 9. ಆದ್ದರಿಂದ ಕೊನೆಯ ಹಂತಕ್ಕೆ ಹಲಗೆ ಅದು ಕೊನೆಗೆ ಬಾಳುವ ಕೋಣೆಗೇ ಬರಲಿ. ರೀಪು ಕೊಟ್ಟು ಜೋಡಿಸಿ, ವಾರಕ್ಕೊಮ್ಮೆ ಅದೇ ಎರಡು ಹಲಗೆಗಳನ್ನು ತೂಗಿ. ಸತತ ಮೂರು ವಾರ ತೂಕ ಕದಲದಿದ್ದರೆ ಕೀಸಲು ಎತ್ತಿಕೊಳ್ಳಬಹುದು. ಎರಡೂ ಮುಖದಿಂದ ಸಮವಾಗಿ ಕೀಸಿ. ಒಂದೇ ಮುಖ ಕೀಸಿ ಬೆಂಚಿನ ಮೇಲೆ ಮಲಗಿಸಿ ಹೋದರೆ ಬೆಳಗಾಗುವಷ್ಟರಲ್ಲಿ ಹಲಗೆ ದೋಣಿಯಾಗಿರಬಹುದು. ಕೆಲಸ ಅರ್ಧಕ್ಕೆ ನಿಲ್ಲಿಸುವುದಾದರೆ ಎರಡೂ ಮುಖಕ್ಕೆ ಗಾಳಿ ತಾಗುವಂತೆ ಅಂಚಿನ ಮೇಲೆ ನಿಲ್ಲಿಸಿ ಹೋಗಿ.