ತುಟಿಗೆ ಬಂದ ಸೀಟಿ

ಮಕ್ಕಳ ಪಂದ್ಯಗಳಿಂದ ಶುರುಮಾಡಿ, ಹವ್ಯಾಸಿ ಲೀಗುಗಳ ಮೆಟ್ಟಿಲು ಹತ್ತಿ, ಕೊನೆಗೆ ವೃತ್ತಿಪರ ಫುಟ್‌ಬಾಲಿಗೆ ರೆಫರಿಯಾಗಿ ಬಂದಾಗ ನನಗಿದ್ದ ಭಯವೆಲ್ಲ ಓಟದ್ದು. ಫಿಟ್‌ನೆಸ್ ಪರೀಕ್ಷೆಯಲ್ಲಿ 40 ಮೀಟರನ್ನು ಆರು ಸಲ ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಬೇಕು. ಆಮೇಲೆ 75 ಮೀಟರ್ ಓಟ, 25 ಮೀಟರ್ ನಡಿಗೆ, ಮತ್ತೆ ಓಟ, ಹೀಗೆ 40 ಸಲ. ತಿಂಗಳುಗಟ್ಟಲೆ ಬೆವರು ಸುರಿಸಿ ಪಾಸಾದೆ. ಎಡವಿದ್ದು ಬೇರೆ ಕಡೆ.

ಮೊದಲ ಪಂದ್ಯದ ಇಪ್ಪತ್ತನೇ ನಿಮಿಷವೋ ಏನೋ. ಮಧ್ಯಗೆರೆಯ ಹತ್ತಿರ ಡಿಫೆಂಡರ್ ಒಬ್ಬ ವಿಂಗರ್‌ನ ಅಂಗಿ ಹಿಡಿದೆಳೆದ. ಸೀಟಿ ಊದಿದೆ. ಊದುತ್ತಿದ್ದ ಹಾಗೆಯೇ ಕಂಡಿತು: ವಿಂಗರ್ ಕೊಸರಿಕೊಂಡು ಆಗಲೇ ಮುಂದೆ ಹೋಗಿದ್ದ, ಪಕ್ಕದಲ್ಲಿ ಜೊತೆಗಾರ, ಎದುರಿಗೆ ಒಬ್ಬನೇ ಡಿಫೆಂಡರ್. ವಿಂಗರ್ ನನ್ನತ್ತ ತಿರುಗಿ ಎರಡೂ ಕೈ ಎತ್ತಿ, "ಬಿಡಬೇಕಿತ್ತಲ್ಲ ಸರ್!" ಅಂದ. ಅಂದದ್ದು ಸರಿ. ಫೌಲ್‌ಗೆ ಗುರಿಯಾದ ತಂಡಕ್ಕೆ ಆಟ ಮುಂದುವರಿದರೇ ಲಾಭವೆನಿಸಿದರೆ ಅಡ್ವಾಂಟೇಜ್ ಕೊಡಬೇಕು, ಅಂದರೆ ಸೀಟಿ ಊದದೆ ಆಟ ಬಿಡಬೇಕು. ಕೆಲವು ಸೆಕೆಂಡಿನಲ್ಲಿ ಆ ಲಾಭ ಕೈಗೂಡದಿದ್ದರೆ ಹಿಂದಿನ ಫೌಲಿಗೇ ಮರಳಲು ನಿಯಮದಲ್ಲೇ ಅವಕಾಶವಿದೆ. ಅವಸರದ ಸೀಟಿಗೆ ಮಾತ್ರ ಮರಳುವ ದಾರಿ ಇಲ್ಲ. ಮಧ್ಯಮೈದಾನದ ಅಂಥ ಫ್ರೀ ಕಿಕ್ಕನ್ನು ವಿಡಿಯೋ ನೋಡಿ ರೆಫರಿಗೆ ನೆರವಾಗುವ ವಿಎಆರ್ ಕೂಡ ಸರಿಪಡಿಸಲಾರದು.

ಈ ಅವಸರ ನನಗೆ ಅಂಟಿದ್ದು ಮಕ್ಕಳ ಆಟದಲ್ಲಿ. ಅಲ್ಲಿ ಅದು ತಪ್ಪೂ ಅಲ್ಲ. ಹತ್ತು ವರ್ಷದ ಹುಡುಗನನ್ನು ತಳ್ಳಿದರೆ ಅವನು ಚೆಂಡನ್ನೂ ಕಳೆದುಕೊಳ್ಳುತ್ತಾನೆ, ಸಮತೋಲವನ್ನೂ. ಕಾದು ನೋಡಲು ಏನೂ ಉಳಿದಿರುವುದಿಲ್ಲ. ಮೇಲಾಗಿ ಅಲ್ಲಿ ನಾನೊಬ್ಬನೇ. ಕಿವಿಯಲ್ಲಿ ಪಿಸುಗುಟ್ಟುವ ಸಹಾಯಕರಿಲ್ಲ, ನಾಲ್ಕನೇ ರೆಫರಿಯಿಲ್ಲ. ಬಾವುಟ ಹಿಡಿದು ನಿಂತವರು ಯಾವುದೋ ಮಗುವಿನ ಅಪ್ಪ. ಚೆಂಡು ಹೊರಹೋದದ್ದನ್ನು ತೋರಿಸಿದರೆ ಅದೇ ದೊಡ್ಡದು, ಆಫ್‌ಸೈಡ್ ನನ್ನ ತಲೆಗೇ. ಸಣ್ಣ ಮೈದಾನ, 4ನೇ ಸೈಜಿನ ಚೆಂಡು, ಕಡಿಮೆ ಅವಧಿ, ಹೊರಹೋದ ಆಟಗಾರ ಮತ್ತೆ ಒಳಬರುವುದು, ಇವನ್ನೆಲ್ಲ ಎಳೆಯರಿಗಾಗಿ ಬದಲಿಸಿಕೊಳ್ಳಲು ನಿಯಮ ಪುಸ್ತಕವೇ ಬಿಟ್ಟಿದೆ.

ಪುಸ್ತಕದಲ್ಲಿಲ್ಲದ ಸಡಿಲಿಕೆಗಳೂ ನಡೆಯುತ್ತವೆ. ಒಮ್ಮೆ ಪುಟ್ಟವನೊಬ್ಬ ಥ್ರೋ-ಇನ್ ಹಾಕುವಾಗ ಹಿಂದಿನ ಕಾಲು ಎತ್ತಿದ. ನಿಯಮದ ಪ್ರಕಾರ ಥ್ರೋ ಎದುರು ತಂಡಕ್ಕೆ. ನಾನು ಹತ್ತಿರ ಹೋಗಿ ತೋರಿಸಿಕೊಟ್ಟು ಇನ್ನೊಮ್ಮೆ ಹಾಕಲು ಹೇಳಿದೆ. ನೆಲಕ್ಕೆ ಮೊಳೆ ಹೊಡೆದ ಹಾಗೆ ಎರಡೂ ಕಾಲು ಊರಿ, ಉಸಿರು ಬಿಗಿಹಿಡಿದು ಎಸೆದ. ಚೆಂಡು ಅವನ ಬೂಟಿನ ಮುಂದೆಯೇ ಬಿತ್ತು. ಎದುರು ತಂಡದವರಿಗೂ ನಗು ತಡೆಯಲಾಗಲಿಲ್ಲ.

ದೊಡ್ಡವರಿಗೆ ಹೀಗೆ ಪಾಠ ಹೇಳಲು ಹೋದರೆ ಮುಗಿಯಿತು. ನಿರ್ಧಾರವನ್ನು ಒಂದು ವಾಕ್ಯಕ್ಕಿಂತ ಹೆಚ್ಚು ವಿವರಿಸಿದರೆ ಅದು ಚರ್ಚೆಯಾಗುತ್ತದೆ, ಚರ್ಚೆಗೆ ಹನ್ನೊಂದು ಜನ ಸೇರುತ್ತಾರೆ. ನಾಯಕನಿಗೆ ಎರಡು ಮಾತು, ಅಷ್ಟೇ. ಬಿದ್ದವನು ನಿಜಕ್ಕೂ ಬಿದ್ದನೋ, ಪೆನಾಲ್ಟಿಗಾಗಿ ಬಿದ್ದನೋ ಅನ್ನುವ ಅನುಮಾನವನ್ನೂ ಜೇಬಿನಲ್ಲಿಟ್ಟುಕೊಂಡೇ ಓಡಬೇಕು. ಮಕ್ಕಳು ಬಿದ್ದರೆ ನಿಜವಾಗಿಯೇ ಬಿದ್ದಿರುತ್ತಾರೆ. (ಹದಿನಾಲ್ಕು ದಾಟಿದವರ ಬಗ್ಗೆ ಈ ಗ್ಯಾರಂಟಿ ಕೊಡಲಾರೆ.)

ನನ್ನ ಅವಸರಕ್ಕೆ ಹಿರಿಯ ರೆಫರಿಯೊಬ್ಬರು ಕೊಟ್ಟ ಮದ್ದು ಸರಳವಾಗಿತ್ತು: ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಬೇಡಿ, ಕೈಯಲ್ಲಿ ಹಿಡಿಯಿರಿ. ಕೈ ತುಟಿಗೆ ಬರುವ ಅರ್ಧ ಸೆಕೆಂಡಿನಲ್ಲಿ ಚೆಂಡು ಎತ್ತ ಹೋಯಿತೆಂದು ಕಂಡುಬಿಡುತ್ತದೆ. ಬೆರಳಿಗೆ ಸಿಕ್ಕಿಸಿಕೊಳ್ಳುವ ಸೀಟಿ ಕೊಂಡೆ. ಒಂದೆರಡು ತಿಂಗಳಲ್ಲಿ ಕಾಯುವುದು ಕೈಗೇ ರೂಢಿಯಾಯಿತು.

ಆ ರೂಢಿಯನ್ನು ಹಾಗೆಯೇ ಮಕ್ಕಳ ಮೈದಾನಕ್ಕೂ ಒಯ್ದೆ. ಹನ್ನೆರಡರೊಳಗಿನವರ ಪಂದ್ಯ. ಹುಡುಗನೊಬ್ಬ ಹಿಂದಿನಿಂದ ಕಾಲು ಅಡ್ಡಹಾಕಿದ. ಚೆಂಡಿದ್ದವನು ಮುಗ್ಗರಿಸಿಯೂ ಓಡಿದ. ನಾನು ಎರಡೂ ಕೈ ಮುಂದೆ ಚಾಚಿ "ಆಡಿ, ಆಡಿ" ಅಂದೆ. ನಾಲ್ಕು ಹೆಜ್ಜೆ ಆಚೆ ಅದೇ ಹುಡುಗ ಮತ್ತೆ ಕಾಲು ಅಡ್ಡಹಾಕಿದ, ಈ ಸಲ ಜೋರಾಗಿ. ಬಿದ್ದವನ ಪಾದದ ಗಂಟು ಬಾತುಕೊಂಡಿತು. ಐಸ್ ಇಟ್ಟು ಹೊರಗೆ ಕೂರಿಸಬೇಕಾಯಿತು. ಕಾಲು ಅಡ್ಡಹಾಕಿದವನಿಗೆ ಹಳದಿ ಕಾರ್ಡ್ ತೋರಿಸಿ, ಪಕ್ಕಕ್ಕೆ ಕರೆದು, "ಒಂದು ಸಲ ಮಾಡಿದ್ದು ಸಾಲಲಿಲ್ಲವೇನೋ?" ಎಂದು ಗದರಿದೆ. ಮುಖದಲ್ಲಿ ಮೊಂಡುತನವೇನೂ ಇರಲಿಲ್ಲ.

"ಮೊದಲನೇ ಸಲ ನೀವು ಊದ್ಲೇ ಇಲ್ವಲ್ಲ ಸರ್," ಅಂದ, "ಹಾಗೆ ಮಾಡ್ಬಹುದು ಅಂದ್ಕೊಂಡೆ."