ತೊಗರಿ ವ್ಯಾಪಾರದ ಆ್ಯಪ್‌ಗೆ ಯಾವ ಡೇಟಾಬೇಸ್ ಬೇಕು?

ಕಲಬುರಗಿ ಎಪಿಎಂಸಿಯ ಅಡತ್ ಅಂಗಡಿಯೊಂದಕ್ಕೆ ಆ್ಯಪ್ ಮಾಡಬೇಕಿದೆ ಅಂದುಕೊಳ್ಳಿ. ರೈತರ ಮಾಲು ಬರುತ್ತದೆ, ತೂಕ ಆಗುತ್ತದೆ, ಖರೀದಿದಾರರು ದರ ಹಾಕುತ್ತಾರೆ, ಹಮಾಲಿ ಕಳೆದು ರೈತರಿಗೆ ಲೆಕ್ಕದ ಚೀಟಿ ಕೊಡಬೇಕು. ಕೋಡ್ ಬರೆಯುವ ಹುಡುಗರು ಶುರುವಿಗೇ ಕೇಳುತ್ತಾರೆ: ಪೋಸ್ಟ್‌ಗ್ರೆಸ್ ಹಾಕೋಣವೋ, ಮೊಂಗೋಡಿಬಿಯೋ? ಈ ಪ್ರಶ್ನೆ ಸ್ವಲ್ಪ ತಡವಾಗಿ ಬಂದರೇ ಒಳ್ಳೆಯದು.

ಮೊದಲು ಒಂದು ಹಾಳೆಯಲ್ಲಿ, ಅಂಗಡಿಯವರು ಆ್ಯಪ್‌ನಿಂದ ಏನೇನು ಕೇಳುತ್ತಾರೆ ಅಂತ ಬರೆಯಿರಿ. ಜೇವರ್ಗಿ ಕಡೆಯ ರೈತರಿಗೆ ಎಷ್ಟು ಬಾಕಿ ಇದೆ? ಈ ವಾರ ಯಾರು ಎಷ್ಟು ಕ್ವಿಂಟಲ್ ತಗೊಂಡರು? ಆಳಂದದ ಮಾಲಿಗೆ ಸರಾಸರಿ ಏನು ದರ ಸಿಕ್ಕಿತು? ರೈತ, ಮಾಲು, ಖರೀದಿದಾರ, ಹಣ, ಇವನ್ನು ಬೇರೆಬೇರೆ ರೀತಿಯಲ್ಲಿ ಜೋಡಿಸಿ ಕೇಳುವ ಪ್ರಶ್ನೆಗಳಿವು. ಇಂಥ ಕೆಲಸಕ್ಕೆ ಪೋಸ್ಟ್‌ಗ್ರೆಸ್‌ನಂಥ ರಿಲೇಷನಲ್ ಡೇಟಾಬೇಸ್ (ಮಾಹಿತಿಯನ್ನು ಒಂದಕ್ಕೊಂದು ಜೋಡಿಸಿದ ಟೇಬಲ್‌ಗಳಲ್ಲಿ ಇಡುವಂಥದ್ದು) ಹೇಳಿ ಮಾಡಿಸಿದ್ದು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲೇ ಇದರ ತಳಹದಿ ಹಾಕಿದ್ದರು. ಒಂದು ಸಂಗತಿ ಒಂದೇ ಕಡೆ ಇರುತ್ತದೆ. ರೈತರ ಫೋನ್ ನಂಬರ್ ಬದಲಾದರೆ ಒಂದು ಸಾಲು ತಿದ್ದಿದರೆ ಸಾಕು.

ಮೊಂಗೋಡಿಬಿ ಡಾಕ್ಯುಮೆಂಟ್ ಡೇಟಾಬೇಸ್, ಅಂದರೆ ಟೇಬಲ್ ಬದಲು ಒಂದೊಂದು ದಾಖಲೆಯನ್ನೂ ಒಂದು ಕಡತದಂತೆ ಇಡುತ್ತದೆ. ಅದರಲ್ಲಿ ರೈತರ ಹೆಸರಿನ ಒಂದು ಡಾಕ್ಯುಮೆಂಟ್ ಮಾಡಿ, ಅವರ ಎಲ್ಲ ಮಾರಾಟವನ್ನೂ ಅದರೊಳಗೇ ಇಡಬಹುದು. ಆ ರೈತರ ಪುಟ ತಕ್ಷಣ ತೆರೆಯುತ್ತದೆ, ನಿಜ. ಆದರೆ ಅದೇ ಲೆಕ್ಕ ಖರೀದಿದಾರರ ಕಡೆಯಿಂದ ಬೇಕಾದಾಗ ಎಲ್ಲ ಡಾಕ್ಯುಮೆಂಟ್‌ಗಳ ಒಳಗೂ ಕೈ ಹಾಕಬೇಕಾಗುತ್ತದೆ. ಒಂದು ಡಾಕ್ಯುಮೆಂಟ್ 16 ಎಂಬಿ ದಾಟುವಂತೆಯೂ ಇಲ್ಲ.

ಎರಡನೆಯದಾಗಿ, ಹಣ ಎಲ್ಲಿ ಕೈ ಬದಲಾಯಿಸುತ್ತದೆ ನೋಡಿ. ಖರೀದಿದಾರರ ಖಾತೆಗೆ ಖರ್ಚು ಬರೆದಾಯಿತು, ರೈತರ ಖಾತೆಗೆ ಜಮಾ ಮಾಡುವಷ್ಟರಲ್ಲಿ ಕರೆಂಟ್ ಹೋಯಿತು. ಆಗ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದೇ ಟ್ರಾನ್ಸಾಕ್ಷನ್. ನೋಎಸ್‌ಕ್ಯೂಎಲ್‌ನಲ್ಲಿ (ಮೊಂಗೋಡಿಬಿಯಂಥ, ರಿಲೇಷನಲ್ ಅಲ್ಲದ ಡೇಟಾಬೇಸ್‌ಗಳಲ್ಲಿ) ಇದು ಇಲ್ಲವೇ ಇಲ್ಲ ಅನ್ನುವುದು ಹಳೇ ಮಾತು. 2018ರ 4.0 ಆವೃತ್ತಿಯಿಂದ ಮೊಂಗೋಡಿಬಿಯಲ್ಲೂ ಹಲವು ಡಾಕ್ಯುಮೆಂಟ್‌ಗಳಿಗೆ ಸೇರಿ ಟ್ರಾನ್ಸಾಕ್ಷನ್ ಇದೆ. ಆದರೆ ಪಟ್ಟಿಯಲ್ಲೇ ಇಲ್ಲದ ರೈತರ ಹೆಸರಿಗೆ ಬಿಲ್ ಹಾಕಲು ಹೋದರೆ ಪೋಸ್ಟ್‌ಗ್ರೆಸ್ ಫಾರಿನ್ ಕೀ (ಬಿಲ್‌ನಲ್ಲಿರುವ ರೈತರು ರೈತರ ಟೇಬಲ್‌ನಲ್ಲೂ ಇರಲೇಬೇಕು ಎಂಬ ಕಟ್ಟು) ನೋಡಿ ತಡೆಯುತ್ತದೆ. ಮೊಂಗೋಡಿಬಿಯಲ್ಲಿ ಆ ಕಾವಲನ್ನು ನೀವೇ ಕೋಡ್‌ನಲ್ಲಿ ಬರೆಯಬೇಕು. ಅಂದಹಾಗೆ, ಯಾವುದನ್ನೇ ಆರಿಸಿ, ರೂಪಾಯಿಯನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಇಡಬೇಡಿ. ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಪೈಸೆ ಲೆಕ್ಕ ತಪ್ಪಿದರೆ ಅಂಗಡಿಯಲ್ಲಿ ಜಗಳ ಗ್ಯಾರಂಟಿ.

ಆಮೇಲೆ ಮಾಹಿತಿಯ ಸ್ವರೂಪ. ತೊಗರಿಗೆ ತೇವಾಂಶ ಬರೆಯಬೇಕು, ಹತ್ತಿಗೆ ಎಳೆಯ ಉದ್ದ. ನಾಳೆ ಇನ್ನೊಂದು ಮಾಲು, ಇನ್ನೊಂದು ಗುಣ. ಹೀಗೆ ಕಾಲಮ್‌ಗಳು ಬದಲಾಗುವಲ್ಲಿ ಡಾಕ್ಯುಮೆಂಟ್ ಡೇಟಾಬೇಸ್ ಹಗುರ ಅನ್ನಿಸುತ್ತದೆ ಅಲ್ವಾ? ಆದರೆ ಅದೊಂದಕ್ಕಾಗಿ ಇಡೀ ಆ್ಯಪ್ ಅತ್ತ ಸಾಗಿಸಬೇಕಿಲ್ಲ. 2014ರ 9.4 ಆವೃತ್ತಿಯಿಂದ ಪೋಸ್ಟ್‌ಗ್ರೆಸ್‌ನಲ್ಲಿ ಜೇಸನ್‌ಬಿ ಕಾಲಮ್ ಇದೆ. ಬದಲಾಗುವ ಗುಣಗಳನ್ನು ಅದರಲ್ಲಿ ಹಾಕಿ, ಉಳಿದದ್ದು ಟೇಬಲ್‌ನಲ್ಲೇ ಇರಲಿ.

ನನ್ನ ಕೇಳಿದರೆ ಇಂಥ ಅಂಗಡಿಗೆ ಪೋಸ್ಟ್‌ಗ್ರೆಸ್ ಸಾಕು. ಸುಗ್ಗಿಯಲ್ಲಿ ಲೋಡ್ ಜಾಸ್ತಿಯಾದರೆ ಅಂತ ಹೆದರುವವರಿದ್ದಾರೆ. ಲಕ್ಷಗಟ್ಟಲೆ ಸಾಲುಗಳು ಅದಕ್ಕೆ ಭಾರವಲ್ಲ. ಗೋದಾಮಿನ 100 ಸೆನ್ಸರ್‌ಗಳು ನಿಮಿಷಕ್ಕೊಮ್ಮೆ ತೇವಾಂಶ ಕಳಿಸಿದರೂ ದಿನಕ್ಕೆ 1,44,000 ದಾಖಲೆ, ಅಷ್ಟೇ. ಇದು ಸಾವಿರಾರು ಗೋದಾಮಿಗೆ ಬೆಳೆದು, ಹಲವು ಸರ್ವರ್‌ಗಳಿಗೆ ಹಂಚಿ ಬರೆಯಬೇಕಾದಾಗ ಕಸಾಂಡ್ರದಂಥ ಡೇಟಾಬೇಸ್ ಬಗ್ಗೆ ಯೋಚಿಸಿ. ಈ ಕ್ಷಣದ ದರವನ್ನು ತುಂಬಾ ಫೋನ್‌ಗಳಿಗೆ ತೋರಿಸಬೇಕೇ? ಪಕ್ಕದಲ್ಲೊಂದು ರೆಡಿಸ್ (ಮಾಹಿತಿಯನ್ನು ಮೆಮೊರಿಯಲ್ಲೇ ಇಟ್ಟು ಬೇಗ ಕೊಡುವ ಡೇಟಾಬೇಸ್) ಇಟ್ಟರೆ ಆಯಿತು. ನೆಟ್‌ವರ್ಕ್ ಸಿಗದ ಕಡೆ ತೂಕ ಬರೆದುಕೊಳ್ಳಲು ಫೋನಿನೊಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಇರಲಿ.

ಪಕ್ಕಾ ಮಾಡುವ ಮೊದಲು ಒಂದು ಹಂಗಾಮಿನಷ್ಟು ಸುಳ್ಳು ಡೇಟಾ ತುಂಬಿ, ಹಾಳೆಯಲ್ಲಿ ಬರೆದ ಕಷ್ಟದ ಪ್ರಶ್ನೆಗಳನ್ನು ಓಡಿಸಿ ನೋಡಿ. ಉತ್ತರ ನಿಧಾನವಾದರೆ ಕ್ವೆರಿಯ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯ) ಮುಂದೆ ಎಕ್ಸ್‌ಪ್ಲೇನ್ ಅನಲೈಸ್ ಹಾಕಿ, ಪೋಸ್ಟ್‌ಗ್ರೆಸ್ ಉತ್ತರ ಹುಡುಕಿದ ಬಗೆ ತೋರಿಸುತ್ತದೆ. ನಾಲ್ಕೇ ಸಾಲು ಹುಡುಕಲು ಇಡೀ ಟೇಬಲ್ ಓದುತ್ತಿದ್ದರೆ, ಡೇಟಾಬೇಸ್ ಬದಲಿಸುವ ಮಾತು ಬಿಟ್ಟು ಮೊದಲು ಒಂದು ಇಂಡೆಕ್ಸ್ (ಪುಸ್ತಕದ ಕೊನೆಯ ಸೂಚಿಯಂಥದ್ದು) ಹಾಕಿ.