ಅಮ್ಮನ ಸೀರೆಯಿಂದ ಅಂಬ್ರೆಲಾ ರ‍್ಯಾಪ್ ಡ್ರೆಸ್: ಟಾಪ್ ಪ್ಯಾಟರ್ನ್ ಬದಲಿಸುವುದು ಹೇಗೆ

ಮೈಗೆ ಸರಿಯಾಗಿ ಕೂರುವ ಒಂದು ಟಾಪ್‌ನ ಪೇಪರ್ ಪ್ಯಾಟರ್ನ್ ನಿಮ್ಮ ಹತ್ತಿರ ಇದೆಯಾ? ಹಾಗಾದರೆ ರ‍್ಯಾಪ್ ಡ್ರೆಸ್‌ಗೆ ಬೇರೆ ಪ್ಯಾಟರ್ನ್ ಬೇಡ. ಮುಂದೆ ಎರಡು ತುಂಡು ಒಂದರ ಮೇಲೊಂದು ಬಂದು, ಪಕ್ಕದಲ್ಲಿ ಲಾಡಿ ಕಟ್ಟಿಕೊಳ್ಳುವ ಡ್ರೆಸ್ ಅದು. ಸೊಂಟದವರೆಗೆ ಬರುವ ಭಾಗ, ಮುಂದೆ ಹಿಂದೆ ಡಾಟ್ (ಮೈಗೆ ಕೂರಲು ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹಾಕುವ ಹೊಲಿಗೆ) ಇರುವಂಥದ್ದು ಸಾಕು. ಕೆಳಗೆ ಅಂಬ್ರೆಲಾ ಕಟ್ ಲಂಗ ಸೇರಿಸಿದರೆ ಆಯಿತು. ನಾನು ಅಮ್ಮನ ಹಳೆಯ ಕಾಟನ್ ಸೀರೆಯಲ್ಲಿ ಹೊಲಿದೆ. ಐದೂವರೆ ಮೀಟರ್ ಉದ್ದ, 45 ಇಂಚು ಅಗಲ, ಎಷ್ಟೋ ಸಲ ಒಗೆದದ್ದರಿಂದ ಇನ್ನು ಕುಗ್ಗುವ ಭಯವಿಲ್ಲ. ಹೊಸ ಬಟ್ಟೆಯಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿ ಹಾಕಿ.

ಮೊದಲೇ ಒಂದು ಮಾತು. ನಮಗೆ ಗೊತ್ತಿರುವ ರ‍್ಯಾಪ್ ಡ್ರೆಸ್ ಹೆಸರಾದದ್ದು 1974ರಲ್ಲಿ, ಡಿಸೈನರ್ ಡಯೇನ್ ವಾನ್ ಫರ್ಸ್ಟನ್‌ಬರ್ಗ್ ಅಮೆರಿಕದಲ್ಲಿ ಮಾರಾಟಕ್ಕೆ ತಂದಾಗ. ಅದು ಜೆರ್ಸಿ ಬಟ್ಟೆ, ಅಂದರೆ ಹಿಗ್ಗುವ ಹೆಣಿಗೆ ಬಟ್ಟೆ, ತಾನಾಗಿಯೇ ಮೈಗೆ ಅಂಟಿ ಕೂರುತ್ತದೆ. ಮಗ್ಗದ ಕಾಟನ್ ಹಾಗಲ್ಲ. ಬಗ್ಗಿದರೆ ಕತ್ತಿನ ಹತ್ತಿರ ಬಾಯಿ ಬಿಡುತ್ತದೆ. ನನ್ನ ಮೊದಲ ಡ್ರೆಸ್ ಹೀಗೇ ಆಗಿ, ಇಡೀ ದಿನ ಎದೆ ಹತ್ತಿರ ಪಿನ್ ಹಾಕಿಕೊಂಡು ಓಡಾಡಬೇಕಾಯಿತು. ಅದಕ್ಕೇ ಈ ಕೆಲಸದಲ್ಲಿ ನಾನು ಜಾಸ್ತಿ ಹೊತ್ತು ಕೊಡುವುದು ಕತ್ತಿನ ಗೆರೆಗೆ.

ಬೆನ್ನಿನ ತುಂಡಿಗೆ ಏನೂ ಮಾಡಬೇಕಿಲ್ಲ. ಮುಂಭಾಗ ಸಾಮಾನ್ಯವಾಗಿ ಅರ್ಧ ಮಾತ್ರ ಇರುತ್ತದೆ, ಬಟ್ಟೆ ಮಡಚಿ ಕತ್ತರಿಸುವುದಕ್ಕೆ. ಅದನ್ನು ನ್ಯೂಸ್ ಪೇಪರ್ ಮೇಲೆ ಎರಡೂ ಕಡೆ ಬರೆದು ಪೂರ್ತಿ ಮುಂಭಾಗ ಮಾಡಿಕೊಳ್ಳಿ, ನಡು ಗೆರೆಯನ್ನೂ ಎಳೆಯಿರಿ. ಈಗ ಒಂದು ಭುಜದಲ್ಲಿ ಕತ್ತು ಶುರುವಾಗುವ ಜಾಗದಿಂದ ಹೊರಟು, ನಡು ಗೆರೆಯನ್ನು ಸುಮಾರು ಆರೂವರೆ ಇಂಚು ಕೆಳಗೆ ದಾಟಿ, ಮೆಲ್ಲಗೆ ಬಾಗುತ್ತಾ ಎದುರು ಪಕ್ಕದ ಹೊಲಿಗೆಗೆ ಮುಟ್ಟುವ ಗೆರೆ ಬೇಕು. ಅಲ್ಲಿ ಸೊಂಟದಿಂದ ಒಂದೂವರೆ ಇಂಚು ಮೇಲೆ ಮುಗಿಯಲಿ, ಲಾಡಿ ಜೋಡಿಸಲು ಜಾಗ ಸಿಗುತ್ತದೆ. ಎದುರು ಬದಿಯ ಸೊಂಟದ ಡಾಟನ್ನು ಪೇಪರ್‌ನಲ್ಲೇ ಮಡಚಿ ಅಂಟಿಸಿಬಿಡಿ, ಆ ಮೂಲೆಗೆ ಡಾಟ್ ಬೇಡ. ಕೆಲವರು ಈ ತುಂಡನ್ನು ನಡುವಿನಿಂದ ಮೂರ್ನಾಲ್ಕು ಇಂಚಿಗೇ ನಿಲ್ಲಿಸುತ್ತಾರೆ. ಅಂಬ್ರೆಲಾ ಲಂಗಕ್ಕೆ ಅದು ಸಾಲದು, ಗಾಳಿ ಬಂದರೆ ತೆರೆದುಕೊಳ್ಳುತ್ತದೆ. ಪಕ್ಕದಿಂದ ಪಕ್ಕಕ್ಕೆ ಪೂರ್ತಿ ಮುಚ್ಚಲೇಬೇಕು.

ಇನ್ನು ಬಾಯಿ ಬಿಡದಂತೆ ಮಾಡುವುದು. ಕತ್ತಿನ ಗೆರೆಯ ಮಧ್ಯದಿಂದ ಡಾಟ್‌ನ ತುದಿಯವರೆಗೆ ಒಂದು ಗೆರೆ ಎಳೆದು ಕತ್ತರಿಸಿ. ಕೆಳಗಿನಿಂದ ಡಾಟ್‌ನ ಒಂದು ಕಾಲನ್ನೂ ಕತ್ತರಿಸಿ, ತುದಿಯಲ್ಲಿ ಮಾತ್ರ ಪೇಪರ್ ಒಂದು ಎಳೆಯಷ್ಟು ಅಂಟಿಕೊಂಡಿರಲಿ. ಕತ್ತಿನ ಕಡೆ ಅರ್ಧ ಇಂಚು ಒಂದರ ಮೇಲೊಂದು ಏರಿಸಿ ಅಂಟಿಸಿದರೆ ಕೆಳಗೆ ಡಾಟ್ ಅಷ್ಟೇ ಸ್ವಲ್ಪ ಅಗಲವಾಗುತ್ತದೆ, ಕತ್ತಿನಲ್ಲಿದ್ದ ಸಡಿಲವೆಲ್ಲ ಡಾಟ್‌ಗೆ ಹೋಯಿತು. ಎದೆ ತುಂಬಿದ ಮೈಯಾದರೆ ಮುಕ್ಕಾಲು ಇಂಚು ಏರಿಸಿ. ಇದನ್ನು ನೇರ ಸೀರೆ ಮೇಲೆ ಪರೀಕ್ಷೆ ಮಾಡಬೇಡಿ, ಒಂದು ಹಳೆ ಪಂಚೆಯಲ್ಲಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಕನ್ನಡಿ ಮುಂದೆ ಬಗ್ಗಿ ನೋಡಿ. ಒಂದು ಸಂಜೆಯ ಕೆಲಸ, ಆದರೆ ಅಮ್ಮನ ಸೀರೆ ಇನ್ನೊಂದು ಸಿಗುವುದಿಲ್ಲ ಅಲ್ವಾ?

ಲಂಗದ ಲೆಕ್ಕ ಎಲ್ಲರನ್ನೂ ಗೊಂದಲ ಮಾಡುತ್ತದೆ, ಯಾಕೆಂದರೆ ಸೊಂಟದ ಅಳತೆಯಿಂದ ಶುರು ಮಾಡುತ್ತಾರೆ. ಸೊಂಟ 30 ಇಂಚು ಅಂದುಕೊಳ್ಳಿ. ಬೆನ್ನು 15, ಮುಂದಿನ ಎರಡು ತುಂಡು 15, 15, ಒಟ್ಟು 45 ಇಂಚಿಗೆ ಲಂಗ ಬೇಕು. ಹಾಗಾಗಿ ಮೂರು ತುಂಡು, ಒಂದೊಂದೂ ಕಾಲು ವೃತ್ತ. ಕಾಲು ವೃತ್ತದ ಒಳಬಾಗು 15 ಇಂಚು ಬರಬೇಕಾದರೆ 15ನ್ನು 1.57ರಿಂದ ಭಾಗಿಸಿ, ಸುಮಾರು ಒಂಬತ್ತೂವರೆ ಇಂಚು. ಮೂಲೆಯಿಂದ ಅಷ್ಟು ದೂರದಲ್ಲಿ ಹೊಲಿಗೆ ಗೆರೆ, ಕತ್ತರಿಸುವುದು ಅರ್ಧ ಇಂಚು ಒಳಗೆ, 9ಕ್ಕೆ. ಲಂಗದ ಉದ್ದ 26, ಮಡಿಕೆಗೆ 1 ಸೇರಿಸಿದರೆ ಹೊರಗಿನ ಬಾಗು ಮೂಲೆಯಿಂದ ಮೂವತ್ತಾರೂವರೆ ಇಂಚಿಗೆ. ಪಕ್ಕದ ಹೊಲಿಗೆಗೆ ಅರ್ಧ ಇಂಚು ಮರೆಯಬೇಡಿ. ನಿಮ್ಮ ಪ್ಯಾಟರ್ನ್‌ನಲ್ಲಿ ಮುಂದಿನ ಸೊಂಟ ಬೆನ್ನಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಆ ತುಂಡಿಗೆ ಬೇರೆಯಾಗಿ ಲೆಕ್ಕ ಹಾಕಿ. ಮೂರೂ ತುಂಡಿಗೆ 3 ಮೀಟರ್ ಹೋಗುತ್ತದೆ, ಉಳಿದದ್ದರಲ್ಲಿ ಬಾಡಿ ಮತ್ತು ತೋಳು. ಒಂದೊಂದನ್ನೂ ಅರ್ಧ ವೃತ್ತ ಮಾಡಿದರೆ ಲಂಗಕ್ಕೇ ಸುಮಾರು 5 ಮೀಟರ್ ಬೇಕು, ಬಾಡಿಗೆ ಬಟ್ಟೆ ಸಾಲುವುದಿಲ್ಲ. ನನ್ನ ಪ್ರಕಾರ ಕಾಲು ವೃತ್ತದ ಘೇರೇ ಚೆಂದ, ಭಾರವೂ ಕಮ್ಮಿ.

ಸೀರೆಯಲ್ಲಿ ಕತ್ತರಿಸುವಾಗ ಅಂಚನ್ನು ಕೆಳಗೆ ಬರುವ ಹಾಗೆ ಇಡಲು ಹೋಗಬೇಡಿ, ನೇರ ಅಂಚು ಬಾಗಿಗೆ ತಿರುಗುವುದಿಲ್ಲ. ಅದರ ಬದಲು ಮುಂದಿನ ಎರಡು ಕಾಲು ವೃತ್ತದ ಒಂದು ನೇರ ಬದಿಯನ್ನು ಸೀರೆ ಅಂಚಿನ ಮೇಲೇ ಇಡಿ, ಒಂದು ಬಲಕ್ಕೆ ಒಂದು ಎಡಕ್ಕೆ. ಆಗ ಅಂಚು ಸೊಂಟದಿಂದ ಕೆಳಗೆ ತೆರೆದ ಬದಿಯುದ್ದಕ್ಕೂ ಇಳಿದು ಬರುತ್ತದೆ, ಅಲ್ಲಿ ಮಡಚಿ ಹೊಲಿಯುವುದೂ ಉಳಿಯಿತು. ಎದುರು ಬದಿಯ ಅಂಚಿನಲ್ಲಿ ಲಾಡಿ ಮಾಡಿಕೊಳ್ಳಿ: ಒಂದು 24 ಇಂಚು, ಇನ್ನೊಂದು 45 ಇಂಚು.

ಕತ್ತರಿಸಿದ ತಕ್ಷಣ, ಬೇರೆ ಏನನ್ನೂ ಮುಟ್ಟದೆ, ಕತ್ತಿನ ಓರೆ ಅಂಚಿಗೆ ಪಟ್ಟಿ ಹೊಲಿಯಿರಿ. ಅದು ಕ್ರಾಸ್ ಪಟ್ಟಿಯಲ್ಲ, ಸೀರೆಯ ಉದ್ದಕ್ಕೆ ನೇರವಾಗಿ ಕತ್ತರಿಸಿದ ತೆಳು ಪಟ್ಟಿ. ಕತ್ತಿನ ಗೆರೆಗಿಂತ ಕಾಲು ಇಂಚು ಗಿಡ್ಡ ಇರಲಿ. ಓರೆ ಬಟ್ಟೆ ಕೈಯಲ್ಲೇ ಹಿಗ್ಗುತ್ತದೆ, ಪಟ್ಟಿ ಅದನ್ನು ಹಿಡಿದಿಡುತ್ತದೆ. ಇದರ ಮೇಲೆ ಲೈನಿಂಗ್ ಅಥವಾ ಪೈಪಿಂಗ್ ಯಾವುದಾದರೂ ಸರಿ.

ಪಕ್ಕ ಹೊಲಿಯುವಾಗ ಬಲಗಡೆ ಸೊಂಟದ ಹತ್ತಿರ ಒಂದೂವರೆ ಇಂಚು ಬಿಡಿ. ಒಳಗಿರುವ ಎಡ ತುಂಡಿನ ಉದ್ದ ಲಾಡಿ ಆ ಸಂದಿಯಿಂದ ಹೊರಗೆ ಬಂದು, ಬೆನ್ನು ಸುತ್ತಿ, ಎಡಗಡೆ ಬಲ ತುಂಡಿನ ಲಾಡಿಗೆ ಸೇರುತ್ತದೆ. ಲಂಗದ ಒಳಬಾಗಿಗೆ ಮೊದಲು ಒಂದು ಸಾಲು ಹೊಲಿಗೆ ಹಾಕಿ, ಆಮೇಲೆ ಇಂಚಿಗೊಂದು ಚಿಕ್ಕ ಕತ್ತರಿ ಏಟು, ಹೊಲಿಗೆ ಮುಟ್ಟದಂತೆ. ಆಗ ಬಾಡಿಯ ನೇರ ಸೊಂಟಕ್ಕೆ ಸುಕ್ಕಿಲ್ಲದೆ ಕೂರುತ್ತದೆ.

ಕೆಳಗಿನ ಮಡಿಕೆಗೆ ಆತುರ ಮಾಡಬೇಡಿ. ಡ್ರೆಸ್ಸನ್ನು ಎರಡು ದಿನ ಹ್ಯಾಂಗರ್‌ನಲ್ಲಿ ತೂಗುಹಾಕಿ. ಓರೆ ಬರುವ ಜಾಗದಲ್ಲಿ ಬಟ್ಟೆ ಇಳಿಯುತ್ತದೆ, ನನ್ನದು ಒಂದು ಇಂಚು ಇಳಿದಿತ್ತು. ಆಮೇಲೆ ಹಾಕಿಕೊಂಡು ನಿಂತು, ಮನೆಯವರ ಕೈಲಿ ನೆಲದಿಂದ ಸ್ಕೇಲ್ ಇಟ್ಟು ಸುತ್ತಲೂ ಚಾಕ್ ಗುರುತು ಹಾಕಿಸಿ. ಗುರುತಿನ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ, ಕಾಲು ಇಂಚಿನಂತೆ ಎರಡು ಸಲ ಮಡಚಿ ಹೊಲಿಯಿರಿ. ಅಗಲ ಮಡಿಕೆ ಹಾಕಿದರೆ ಬಾಗಿನಲ್ಲಿ ಸುಕ್ಕು ಬೀಳುತ್ತದೆ.